ಮುತ್ತಿನ ಕಾಯಿಲೆ

ನನ್ನ ಅಕ್ಕ ಗ್ರಾಜೀನಾ ತನ್ನ ಮಗಳಿಗೆ ಮುತ್ತು ಕೊಡುವುದನ್ನು ನಿಲ್ಲಿಸಿದಾಗ ಮಾಲ್ವಿನಾಗೆ ಆರು ವರ್ಷ. ನಿಲ್ಲಿಸಿದ್ದು ಸಿಟ್ಟಿನಿಂದಲ್ಲ. ನಗರದ ಮಕ್ಕಳ ಆಸ್ಪತ್ರೆಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತಂತೆ. ಅಭ್ಯಾಸದಂತೆ ಹಣೆಯ ಕಡೆಗೆ ಬಾಗಿದವಳು ಅರ್ಧದಲ್ಲೇ ತಡೆದು ನೆಟ್ಟಗೆ ಕೂತಳಂತೆ. ನಮ್ಮೂರು ಕ್ರೋಸ್ನೊ ಬರುವವರೆಗೂ ಕಿಟಕಿಯ ಕಡೆ ತಿರುಗಿಸಿದ ಮುಖವನ್ನು ಈಚೆ ತಿರುಗಿಸಲೇ ಇಲ್ಲವೆಂದು ಭಾವ ಲೆಷೆಕ್ ಆಮೇಲೆ ನನಗೆ ಹೇಳಿದ.

ಹುಟ್ಟಿದಾಗಿನಿಂದಲೂ ಮಾಲ್ವಿನಾಳ ತಲೆ ಚಿಕ್ಕದು. ಹಿಂದಕ್ಕೆ ವಾಲಿದ ಹಣೆ, ಮುಂದೆ ಚಾಚಿದ ಮೂಗು, ಸದಾ ಏನನ್ನೋ ಕಂಡು ಬೆರಗಾದಂತಿರುವ ಕಣ್ಣು. ನಮ್ಮಪ್ಪ ಸೆವೆರಿನ್ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದ. ಬಾಯಿಯೂ ಗುಬ್ಬಿಯದೇ. ಮಾತು ಶುರುವಾಯಿತೆಂದರೆ ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತರನ್ನು ಗೇಟಿನ ಬಳಿ ನಿಲ್ಲಿಸಿಕೊಂಡು ಅವರ ನಾಯಿಯ ಹೆಸರು ಕೇಳುವಳು. ಆದರೆ ಚಳಿಗಾಲ ಬಂತೆಂದರೆ ಎದೆಯಲ್ಲಿ ಕಫ ಕಟ್ಟಿ ಮಲಗಿಬಿಡುವಳು. ಎರಡು ಸಲ ನ್ಯುಮೋನಿಯಾ ಆಯಿತು. ಮೂರನೇ ವಯಸ್ಸಿನಲ್ಲಿ, ಉಸಿರಿಗೆ ಅಡ್ಡ ಬರುತ್ತಿದೆಯೆಂದು ಮೂಗಿನ ಹಿಂದೆ ಬೆಳೆದಿದ್ದ ಮಾಂಸವನ್ನು ಕತ್ತರಿಸಿ ತೆಗೆದರು. ಆಗಲೂ ಯಾರಿಗೂ ಅನುಮಾನ ಬರಲಿಲ್ಲ. ಆರನೇ ವಯಸ್ಸಿನಲ್ಲಿ ಹೊಸದಾಗಿ ಬಂದ ಮಕ್ಕಳ ವೈದ್ಯನೊಬ್ಬ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ನಗರಕ್ಕೆ ಬರೆದುಕೊಟ್ಟ.

ಅಲ್ಲಿ ಡಾಕ್ಟರ್ ಲಿಪಿನ್ಸ್ಕಾ ಎಂಬ ಹೆಂಗಸು ಎಲ್ಲವನ್ನೂ ಬಿಡಿಸಿ ಹೇಳಿದಳು. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದೆ. ಒಂದೇ ಇದ್ದವರಿಗೆ ಗೊತ್ತೂ ಆಗುವುದಿಲ್ಲ. ಮಗುವಿಗೆ ಎರಡೂ ಕಡೆಯಿಂದ ಬಂದುಬಿಟ್ಟಿದೆ. ನಮ್ಮಲ್ಲಿ, ಚೆಕ್‌ನವರಲ್ಲಿ, ಉಕ್ರೇನಿನವರಲ್ಲಿ ಇದು ಬೇರೆಡೆಗಿಂತ ಹೆಚ್ಚು. ಮೈ ರೋಗಕ್ಕೆ ಎದುರು ನಿಲ್ಲುವುದಿಲ್ಲ. ಎಕ್ಸ್‌ರೇ ತೆಗೆಸಲೇಬಾರದು. ಇಂಥ ಮಕ್ಕಳಿಗೆ ಕ್ಯಾನ್ಸರ್ ಬೇಗ ಬರುತ್ತದೆ, ಅದರಲ್ಲೂ ಕತ್ತಿನ, ಕಂಕುಳಿನ ಗಂಟುಗಳ ಕ್ಯಾನ್ಸರ್. ಅದನ್ನು ಎಬ್ಬಿಸುವುದರಲ್ಲಿ ಒಂದು ವೈರಸ್ಸಿನ ಕೈವಾಡವೂ ಇರುತ್ತದೆ.

"ಮುತ್ತಿನ ಕಾಯಿಲೆ ಅಂತ ಕೇಳಿರ್ತೀರಲ್ಲ, ಅದೇ ವೈರಸ್. ಎಂಜಲಲ್ಲಿ ಹರಡತ್ತೆ," ಎಂದಳಂತೆ ಡಾಕ್ಟರ್. "ನಮ್ಮೆಲ್ಲರ ಮೈಯಲ್ಲೂ ಇರತ್ತೆ ಅಂತಲೇ ಇಟ್ಕೊಳ್ಳಿ. ನಮಗೇನೂ ಮಾಡಲ್ಲ. ಇವಳಂಥ ಮಕ್ಕಳಲ್ಲಿ ಮಾತ್ರ ಅದನ್ನ ಹಿಡಿದಿಡೋರು ಯಾರೂ ಇಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡೋಣ. ಗಂಟು ಕಂಡ್ರೆ ಕಾಯಬೇಡಿ, ಓಡಿ ಬನ್ನಿ."

ಅಕ್ಕನ ಕಿವಿಗೆ ಬಿದ್ದದ್ದು ಎಂಜಲಲ್ಲಿ ಹರಡುತ್ತದೆ ಎಂಬ ಎರಡನೇ ವಾಕ್ಯ. ಎಲ್ಲರಲ್ಲೂ ಇರುತ್ತದೆ ಎಂಬ ಮೂರನೆಯದು ಬೀಳಲಿಲ್ಲ. ಮೊದಲ ರಕ್ತ ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲವೆಂದು ಫೋನು ಬಂದ ದಿನ ಅವಳು ಅಡುಗೆಮನೆಯಲ್ಲಿ ಕುಸಿದು ಕೂತು ಅತ್ತಳು. ಆಮೇಲೆ ಎದ್ದು ಮನೆಯ ಕಾನೂನು ಮಾಡಿದಳು.

ಮಾಲ್ವಿನಾಳ ಲೋಟ, ಚಮಚ, ತಟ್ಟೆ ಬೇರೆ. ಅವಳಿಗೆ ಯಾರೂ ಮುತ್ತು ಕೊಡಬಾರದು. ಅವಳ ಸೂಪನ್ನು ಯಾರೂ ಊದಿ ಆರಿಸಬಾರದು. ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದಬತ್ತಿ ಇಲ್ಲ. ಶಾಲೆ ಇಲ್ಲ. ಮೇಷ್ಟ್ರಮ್ಮ ಮನೆಗೆ ಬಂದು ಮೇಜಿನ ಆ ತುದಿಯಲ್ಲಿ ಕೂತು ಪಾಠ ಹೇಳಬೇಕು. ಈ ಕಾನೂನು ಅಕ್ಕ ತನಗೂ ಹಾಕಿಕೊಂಡಿದ್ದಳು ಎನ್ನುವುದನ್ನು ನಾನು ಹೇಳಲೇಬೇಕು. ಮಗುವಿನ ಜಡೆ ಹಾಕುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು.

ಎಲ್ಲರಿಗಿಂತ ಕಷ್ಟವಾದದ್ದು ಅಪ್ಪನಿಗೆ. ಆತ ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಇದ್ದ. ಜೀವಮಾನವೆಲ್ಲ ಕ್ರಿಸ್ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳನ್ನು ಊದಿದವನು. ಕಾರ್ಖಾನೆ ಬಿಟ್ಟ ಮೇಲೂ ಹಿತ್ತಲ ಶೆಡ್ಡಿನಲ್ಲಿ ಗ್ಯಾಸಿನ ಉರಿ ಹಚ್ಚಿಕೊಂಡು ಹಕ್ಕಿ, ಅಣಬೆ, ಮೀನು ಎಂದು ಏನಾದರೂ ಮಾಡುತ್ತಲೇ ಇದ್ದ. ಕೆನ್ನೆಗಳು ಜೋಲುಬಿದ್ದಿದ್ದವು. ಮೀಸೆಯ ಒಂದು ಬದಿ ಸದಾ ಸುಟ್ಟಿರುತ್ತಿತ್ತು. ಮಾಲ್ವಿನಾ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಕೆಲಸ ಮುಗಿದ ಮೇಲೆ ಆತ ಅವಳ ಹಣೆಗೆ, ಎರಡೂ ಕೆನ್ನೆಗೆ ಚಟಚಟನೆ ಮುತ್ತಿಕ್ಕುವುದು, ಅವಳು "ತಾತಾ, ಚುಚ್ಚತ್ತೆ!" ಎಂದು ಕಿರುಚುವುದು ನಮಗೆಲ್ಲ ಕೇಳಿ ಕೇಳಿ ರೂಢಿಯಾಗಿತ್ತು.

ಅದು ನಿಂತಿತು. ಅಪ್ಪ ಒಂದು ಮಾತೂ ಎದುರಾಡಲಿಲ್ಲ. ಸ್ಟೂಲನ್ನು ಬಾಗಿಲ ಬಳಿಗೆ ಸರಿಸಿದ. ಅವಳು ಅಲ್ಲಿಂದಲೇ ನೋಡಬೇಕು.

ಒಂದು ಮಧ್ಯಾಹ್ನ ನಾನು ಶೆಡ್ಡಿಗೆ ಕಾಫಿ ತಂದಿದ್ದೆ. ಅಪ್ಪ ಬಣ್ಣದ ಡಬ್ಬಿ ಹುಡುಕಲು ಒಳಗಿನ ಕಪಾಟಿನತ್ತ ತಿರುಗಿದ್ದ. ಆಗ ಎಂಟು ತುಂಬಿದ್ದ ಮಾಲ್ವಿನಾ ಬೆಕ್ಕಿನಂತೆ ಬಂದು, ಮೇಜಿನ ಮೇಲೆ ಆರಲು ಬಿಟ್ಟಿದ್ದ ಗಾಜಿನ ಕೊಳವೆಯನ್ನು ಎತ್ತಿ ಬಾಯಿಗಿಟ್ಟು ಊದಿದಳು. ಅಪ್ಪ ಆಗಷ್ಟೇ ಬಾಯಿಂದ ತೆಗೆದಿಟ್ಟದ್ದು. ಅಕ್ಕ ಎಲ್ಲಿದ್ದಳೋ ಗೊತ್ತಿಲ್ಲ, ಬಾಗಿಲಲ್ಲಿ ಬಂದು ನಿಂತಿದ್ದಳು.

"ಉಗಿ! ಉಗಿಯೇ! ಮೊದಲು ಉಗಿ!"

ಕೊಳವೆ ಕಿತ್ತುಕೊಂಡು ನೆಲಕ್ಕೆ ಬಡಿದಳು. ಮಗುವಿನ ಬಾಯಿಗೆ ತನ್ನ ಏಪ್ರನ್ನಿನ ತುದಿ ತುರುಕಿ ತುಟಿ ಕೆಂಪಾಗುವಷ್ಟು ಉಜ್ಜಿದಳು. ಮಾಲ್ವಿನಾ ಅಳಲಿಲ್ಲ. ಗಾಬರಿಯಿಂದ ತಾತನನ್ನೇ ನೋಡುತ್ತಿದ್ದಳು.

"ನಿಂಗೆ ಬುದ್ಧಿ ಇದ್ಯಾ ಅಪ್ಪ? ಎಂಜಲು ಕೊಳವೆ ಅವಳ ಕೈಗೆ ಸಿಗೋ ಹಾಗೆ ಇಡ್ತೀಯಲ್ಲ! ಕೊಲ್ಬೇಕು ಅಂತಿದೀಯಾ ಅವಳನ್ನ?"

ಅಪ್ಪ ಬಣ್ಣದ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. "ತಪ್ಪಾಯ್ತು ಗ್ರಾಜ್ಕಾ," ಎಂದ. "ನನ್ನದೇ ತಪ್ಪು. ಮಗೂಗೆ ಬೈಬೇಡ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನೀನ್ಯಾಕಪ್ಪ ಸುಮ್ನಿರ್ತೀಯ? ಡಾಕ್ಟ್ರು ಎಲ್ಲರ ಮೈಯಲ್ಲೂ ಇರತ್ತೆ ಅಂದ್ರಂತೆ. ಹಾಗಾದ್ರೆ ಅಕ್ಕನ ಮೈಯಲ್ಲಿ ಇಲ್ವಾ? ಲೆಷೆಕ್ ಮೈಯಲ್ಲಿ ಇಲ್ವಾ? ನಿನ್ನೊಬ್ಬನ್ನ ನಾಯಿ ಥರ ದೂರ ಇಡ್ತಾಳಲ್ಲ."

ಅಪ್ಪ ಗಾಜಿನ ಚೂರುಗಳನ್ನು ಗುಡಿಸಿ ಮೊರಕ್ಕೆ ತುಂಬಿದ. ಆಮೇಲೆ ಉರಿ ಆರಿಸಿ ನನ್ನೆದುರು ಕೂತ.

"ನಂಗೊಬ್ಬ ತಮ್ಮ ಇದ್ದ, ರೆನ್ಯಾ. ಬೋಲೆಕ್ ಅಂತ. ನಿಮಗೆ ಹೇಳಿಲ್ಲ. ಇವಳದ್ದೇ ತಲೆ, ಇವಳದ್ದೇ ಮೂಗು. ಬೀದಿ ಹುಡುಗ್ರು ಬಾತುಕೋಳಿ ಅಂತ ಕಾಡೋರು. ಅವರ ಜೊತೆ ಸೇರ್ಕೊಂಡು ನಾನೂ ಒಂದೆರಡು ಸಲ ಕಾಡಿದ್ದುಂಟು. ಏಳು ವರ್ಷಕ್ಕೆ ಕತ್ತು ಊದ್ಕೊಳ್ತು. ಬಿಸಿ ಉಪ್ಪಿನ ಶಾಖ ಕೊಟ್ಟು ಕೊಟ್ಟು, ಕೊನೆಗೆ ಹೋಗೇಬಿಟ್ಟ. ಯಾರದೋ ಕೆಟ್ಟ ಕಣ್ಣು ಬಿತ್ತು ಅಂತ ಅಮ್ಮ ಸಾಯೋವರೆಗೂ ಅಂತಿದ್ಲು."

ನಾನು ಕಾಫಿ ಲೋಟವನ್ನು ಅವನತ್ತ ಸರಿಸಿದೆ.

"ಇದು ನನ್ನ ಕಡೆಯಿಂದ ಬಂದಿದ್ದು ಕಣೇ. ಗ್ರಾಜೀನಾ ಕೈಲಿ ಮಗೂಗೆ ದಾಟಿಸಿದ್ದು ನಾನೇ. ಕೊಡೋ ಅಷ್ಟು ಕೊಟ್ಟಾಯ್ತು. ಇನ್ನೇನೂ ಕೊಡಬಾರದು ನಾನು."

"ಅಕ್ಕಂಗೆ ಇದನ್ನ ಹೇಳಿದೀಯಾ?"

"ಅವಳಿಗೆ ಈಗಿರೋ ಭಾರವೇ ಸಾಕು. ನೀನೂ ಬಾಯಿ ಬಿಡಬೇಡ."

ಆದರೂ ಒಂದು ಮಾತನ್ನು ನಾನು ಅಕ್ಕನ ಹತ್ತಿರ ಎತ್ತಿದೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. "ಆ ವೈರಸ್ ನಿನ್ನಲ್ಲೇ ಇದ್ರೆ ಏನು ಮಾಡ್ತೀಯಾ?" ಎಂದು ಕೇಳಿದೆ.

"ನಂಗೆ ಆ ಮುತ್ತಿನ ಕಾಯಿಲೆ ಜ್ವರ ಬಂದೇ ಇಲ್ಲ," ಎಂದಳು, ಇಸ್ತ್ರಿ ನಿಲ್ಲಿಸದೆ. "ನಿಂಗೆ ಬಂದಿತ್ತು ಹೈಸ್ಕೂಲಲ್ಲಿ, ನೆನಪಿದೆ ನಂಗೆ. ನಿನ್ನ ಆ ಗಿಟಾರ್ ಹುಡುಗನ ಪ್ರಸಾದ. ಮೂರು ವಾರ ಹಾಸಿಗೆ ಬಿಟ್ಟಿರಲಿಲ್ಲ. ಅದಕ್ಕೇ ನಿನ್ನನ್ನ ಅವಳ ಹತ್ರ ಕೂರಿಸಲ್ಲ. ನನ್ನ ಲೆಕ್ಕ ಸರಿಯಾಗಿದೆ ರೆನ್ಯಾ. ಪ್ರತಿ ಸಲ ಪರೀಕ್ಷೆಯಲ್ಲಿ ಏನೂ ಸಿಗ್ತಿಲ್ಲ. ಯಾಕೆ ಸಿಗ್ತಿಲ್ಲ? ನಾನು ಬಿಡ್ತಿಲ್ಲ, ಅದಕ್ಕೆ."

ಮೂರು ತಿಂಗಳಿಗೊಮ್ಮೆ ಫೋನು ಬರುತ್ತಿತ್ತು, 'ಸಿಗಲಿಲ್ಲ' ಎನ್ನುತ್ತಿದ್ದರು. ಅಕ್ಕನಿಗೆ ಪ್ರತಿಯೊಂದೂ ಗೆದ್ದಂತೆ. ಗೆದ್ದಾಗಲೆಲ್ಲ ಮನೆಯ ಕಾನೂನು ಇನ್ನೂ ಒಂದು ಎಳೆ ಬಿಗಿಯಾಗುತ್ತಿತ್ತು.

ಆ ವರ್ಷದ ಕ್ರಿಸ್ಮಸ್ ಹಿಂದಿನ ಸಂಜೆ ನಾವೆಲ್ಲ ಮೇಲಿನ ಅಂತಸ್ತಿನಲ್ಲಿ ಸೇರಿದ್ದೆವು. ಬೀಟ್‌ರೂಟಿನ ಕೆಂಪು ಸೂಪು, ಹುರಿದ ಮೀನು, ಗಸಗಸೆ ಹೂರಣದ ಸುರುಳಿ. ಊಟಕ್ಕೆ ಮೊದಲು ಎಲ್ಲರ ಕೈಯಲ್ಲೂ ಚರ್ಚಿನಿಂದ ತಂದ, ಕಾಗದದಷ್ಟು ತೆಳ್ಳಗಿನ ಬಿಳಿ ರೊಟ್ಟಿ. ಒಬ್ಬರು ಚಾಚಿದ್ದರಿಂದ ಇನ್ನೊಬ್ಬರು ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬೇಕು, ಒಳ್ಳೆಯದಾಗಲಿ ಎನ್ನಬೇಕು, ಅಪ್ಪಿ ಮುತ್ತು ಕೊಡಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಒಬ್ಬರದನ್ನೊಬ್ಬರು ಮುರಿಯುತ್ತಾರೆ. ಮಾಲ್ವಿನಾಳದು ಬೇರೆ ತಟ್ಟೆಯಲ್ಲಿತ್ತು, ಮೇಲೊಂದು ಕರವಸ್ತ್ರ ಮುಚ್ಚಿ. ಅವಳು ತನ್ನದನ್ನು ತಾನೇ ಮುರಿದು ತಾನೇ ತಿನ್ನಬೇಕು.

ಅಪ್ಪ ಎಲ್ಲರದೂ ಮುಗಿಸಿ ಮೇಜಿನ ಆಚೆ ಬದಿ ಅವಳೆದುರು ಬಂದು ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಗುಬ್ಬಿ, ಹೊಸ ವರ್ಷ ನೀನು ನನ್ನಷ್ಟು ಎತ್ತರ ಬೆಳೀಬೇಕು. ಮೀಸೆ ಮಾತ್ರ ಬೇಡ."

"ತಾತ, ನೀನೂ ಒಳ್ಳೇದಾಗಿರು. ನಿನ್ನ ಮಂಡಿ ನೋವು ಹೋಗ್ಲಿ." ಅವಳು ತನ್ನ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನತ್ತ ಚಾಚಿದಳು. "ಇದ್ರಲ್ಲಿ ಮುರ್ಕೋ. ನಾನಿನ್ನೂ ಬಾಯಿ ಹಾಕಿಲ್ಲ. ನೀನು ಮುರ್ಕೊಂಡ್ರೆ ನಂಗೇನೂ ಆಗಲ್ಲ ಅಲ್ವಾ?"

ಮಗುವಿನ ಲೆಕ್ಕ ಸರಿಯಾಗಿತ್ತು. ಅವಳದರಿಂದ ಅವನು ಮುರಿದರೆ ಅವಳಿಗೆ ಏನು ತಗಲಬೇಕು? ಲೆಷೆಕ್ ಹೆಂಡತಿಯ ಮುಖ ನೋಡಿದ. ನಾನೂ ನೋಡಿದೆ. ಅಪ್ಪನ ಒಂದು ಕೈ ಬೆನ್ನ ಹಿಂದಿನಿಂದ ಹೊರಗೆ ಬಂದಿತ್ತು.

"ಬೇಡ," ಎಂದಳು ಅಕ್ಕ. "ಮಾತಾಡ್ತಾ ಮಾತಾಡ್ತಾ ಉಗುಳು ಸಿಡಿಯತ್ತೆ ಅಪ್ಪಂದು. ಬೇಡ ಅಂದ್ನಲ್ಲ. ಸೂಪು ಆರತ್ತೆ, ಕೂತ್ಕೊಳ್ಳಿ ಎಲ್ಲ."

ಕೈ ಹಿಂದಕ್ಕೆ ಹೋಯಿತು. "ನಿಮ್ಮಮ್ಮ ಹೇಳಿದ್ದು ಸರಿ," ಎಂದು ಅಪ್ಪ ನಕ್ಕ. "ಹಲ್ಲಿಲ್ಲದ ಬಾಯಿ, ತುಂತುರು ಮಳೆ ನಿಲ್ಲೋದೇ ಇಲ್ಲ." ಎಲ್ಲರೂ ನಕ್ಕೆವು. ಅವತ್ತು ಆತ ಮೀನು ಮುಟ್ಟಲಿಲ್ಲ. ಮುಳ್ಳು ಜಾಸ್ತಿ ಎಂದ.

ಮಾರ್ಚ್ ತಿಂಗಳಲ್ಲಿ ಅಪ್ಪ ಹೋದ. ಬೆಳಗ್ಗೆ ಬೂದಿ ಬಕೆಟ್ ಚೆಲ್ಲಲು ಹಿತ್ತಲಿಗೆ ಹೋದವನು ಬೇಲಿ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ಚರ್ಚಿನ ಪಕ್ಕದ ಕೋಣೆಯಲ್ಲಿ ಅಪ್ಪನ ಶವಪೆಟ್ಟಿಗೆ ತೆರೆದಿಟ್ಟಿದ್ದರು. ಒಬ್ಬೊಬ್ಬರಾಗಿ ಹೋಗಿ ಕೈ ಮುಟ್ಟಿ, ಹಣೆಗೆ ಮುತ್ತಿಟ್ಟು ಬರುತ್ತಿದ್ದೆವು. ಮಾಲ್ವಿನಾ ನನ್ನ ಕೋಟಿನ ತೋಳು ಹಿಡಿದಿದ್ದಳು. ತಾನೂ ಒಂದು ಹೆಜ್ಜೆ ಮುಂದಿಟ್ಟಳು. ಅಕ್ಕ ಅವಳ ಭುಜ ಹಿಡಿದಳು.

"ಅಮ್ಮಾ," ಎಂದು ಮಗು ಮೆಲ್ಲಗೆ ಕೇಳಿತು, "ಸತ್ತೋದವರಿಗೂ ಎಂಜಲು ಇರತ್ತಾ?"

ಪಾದ್ರಿಯೂ ತಲೆ ತಗ್ಗಿಸಿದರು. ಅಕ್ಕ ಭುಜ ಹಿಡಿದ ಕೈಯನ್ನು ಬಿಡಲಿಲ್ಲ. ಮಾಲ್ವಿನಾ ಅಲ್ಲಿಂದಲೇ ಕೈ ಬೀಸಿದಳು, ಬಸ್ಸು ಹತ್ತಿದವರಿಗೆ ಬೀಸುವ ಹಾಗೆ.

ಅದಾಗಿ ಒಂದೂವರೆ ವರ್ಷಕ್ಕೆ ಆಸ್ಪತ್ರೆಯ ಫೋನು ಬೇರೆ ಮಾತು ಹೇಳಿತು. ರಕ್ತದಲ್ಲಿ ವೈರಸ್ ಸಿಕ್ಕಿದೆ. ಅಕ್ಕ ಹುಚ್ಚಿಯಂತಾದಳು. ಯಾರು ತಂದರು? ಮೇಷ್ಟ್ರಮ್ಮನನ್ನು ಬಿಡಿಸಿದಳು. ಹಾಲು ಕೊಡುವವಳನ್ನು ಗೇಟಿನಾಚೆ ನಿಲ್ಲಿಸಿದಳು. ನನಗೆ ಫೋನು ಮಾಡಿ, "ಈಸ್ಟರ್‌ಗೆ ಬಂದಾಗ ಅವಳ ಲೋಟ ಮುಟ್ಟಿದ್ಯಾ? ಸುಳ್ಳು ಹೇಳಬೇಡ, ಮುಟ್ಟಿದ್ಯಾ?" ಎಂದು ಕೂಗಾಡಿದಳು. ಮುಟ್ಟಿರಲಿಲ್ಲ. ಆದರೂ ಫೋನಿಟ್ಟ ಮೇಲೆ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದೆ.

ಪ್ರತಿ ಶನಿವಾರ ಸ್ನಾನ ಮಾಡಿಸುವಾಗ ಅಕ್ಕ ಮಗಳ ಕತ್ತು, ಕಂಕುಳು, ತೊಡೆಸಂದುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಹಾಗೆ ನೋಡುತ್ತಲೇ ಒಂದು ಶನಿವಾರ ಎಡಗಡೆ ದವಡೆಯ ಕೆಳಗೆ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು. ಸೋಮವಾರ ಬೆಳಗ್ಗೆ ನಗರದಲ್ಲಿದ್ದರು. ಗಂಟು ತೆಗೆದು ನೋಡಿದರು. ಲಿಂಫೋಮಾ, ಡಾಕ್ಟರ್ ಮೊದಲೇ ಹೇಳಿದ್ದ ಗಂಟುಗಳ ಕ್ಯಾನ್ಸರ್. ಅದರ ಜೀವಕೋಶಗಳ ಒಳಗೆ ಆ ವೈರಸ್ ತುಂಬಿಕೊಂಡಿತ್ತು.

ಆ ಚಳಿಗಾಲ ಲೆಷೆಕ್ ಲಾರಿ ಓಡಿಸಲೇಬೇಕಿತ್ತು, ಜರ್ಮನಿಯ ಕಡೆಗೆ. ಆಸ್ಪತ್ರೆಯಲ್ಲಿ ಅಕ್ಕನ ಜೊತೆ ನಾನು ಸರದಿಯಲ್ಲಿ ಇರುತ್ತಿದ್ದೆ. ಬೇರೆ ಮಕ್ಕಳಿಗೆ ಕೊಡುವಷ್ಟು ಔಷಧಿ ಮಾಲ್ವಿನಾಗೆ ಕೊಡುವಂತಿರಲಿಲ್ಲ, ಅವಳ ಮೈ ತಡೆಯುತ್ತಿರಲಿಲ್ಲ. ವಿಕಿರಣವಂತೂ ಹತ್ತಿರ ಸುಳಿಯುವಂತಿಲ್ಲ. ವೈರಸ್ ಅಡಗುವ ಜೀವಕೋಶಗಳನ್ನೇ ಹುಡುಕಿ ಹೊಡೆಯುವ ಒಂದು ಔಷಧಿಯ ಜೊತೆಗೆ ಉಳಿದದ್ದನ್ನು ಅಳೆದು ಅಳೆದು ಕೊಟ್ಟರು. ಕೂದಲು ಉದುರಿತು. ಬಾಯೆಲ್ಲ ಹುಣ್ಣಾಗಿ, ಅಷ್ಟು ಮಾತಾಡುತ್ತಿದ್ದವಳು ಕೈಸನ್ನೆ ಮಾಡತೊಡಗಿದಳು. ಒಂದು ದಿನ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದಳು: ಚಿಕ್ಕಮ್ಮ, ನಾನು ಈಗ ಮೊಟ್ಟೆ ಥರ ಇದೀನಿ.

ಒಂದು ಮಧ್ಯಾಹ್ನ ಡಾಕ್ಟರ್ ಲಿಪಿನ್ಸ್ಕಾ ನಮ್ಮಿಬ್ಬರನ್ನೂ ಕೋಣೆಗೆ ಕರೆದಳು. ಗಂಟು ಕರಗುತ್ತಿದೆ ಎಂದಳು. ನಾನು ಅಕ್ಕನ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡು ಕೇಳಿದಳು.

"ಎಲ್ಲಿಂದ ಬಂತು ಇದು? ಯಾವಾಗ ಅಂಟಿಕೊಳ್ತು ಅನ್ನೋದು ಗೊತ್ತಾಗಲ್ವಾ? ನಾನು ಯಾರನ್ನೂ ಹತ್ರ ಬಿಟ್ಟಿಲ್ಲ ಡಾಕ್ಟ್ರೇ. ನನ್ನ ಅಪ್ಪನ್ನೂ ಬಿಟ್ಟಿಲ್ಲ."

ಡಾಕ್ಟರ್ ಕನ್ನಡಕ ತೆಗೆದಳು. "ನೀವು ಹೋದ ಸಲವೂ ಕೇಳಿದ್ರಿ. ಅದಕ್ಕೇ ಒಂದು ಕೆಲಸ ಮಾಡ್ದೆ. ಮೂರು ವರ್ಷದವಳಾಗಿದ್ದಾಗ ಮೂಗಿನ ಹಿಂದಿನ ಮಾಂಸ ತೆಗೆದಿದ್ರಲ್ಲ, ಆ ಚೂರನ್ನ ಮೇಣದಲ್ಲಿ ಹುದುಗಿಸಿ ಇಟ್ಟಿರ್ತಾರೆ. ತರಿಸಿ ನೋಡ್ದೆ. ಅದರಲ್ಲೂ ವೈರಸ್ ಇದೆ."

"ಅಂದ್ರೆ?"

"ಅಂದ್ರೆ ಮೂರು ವರ್ಷಕ್ಕೆ ಮೊದಲೇ ಬಂದಿತ್ತು. ನಾನು ನಿಮ್ಮನ್ನ ಮೊದಲ ಸಲ ನೋಡೋ ಹೊತ್ತಿಗೆ ಅವಳ ಮೈಯಲ್ಲಿ ಕೂತಿತ್ತು. ರಕ್ತದಲ್ಲಿ ಕಾಣದಷ್ಟು ಕಡಿಮೆ ಇತ್ತು, ಅಡಗಿತ್ತು. ಸಿಗಲಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ, ಅದನ್ನ ನಿಮಗೆ ಇನ್ನೂ ಬಿಡಿಸಿ ಹೇಳಬೇಕಿತ್ತೇನೋ ನಾನು."

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅಷ್ಟು ಚಿಕ್ಕ ಮಗೂಗೆ ಯಾರಿಂದ ಬರತ್ತೆ?"

"ಹೇಳೋಕಾಗಲ್ಲ."

"ಸಾಮಾನ್ಯವಾಗಿ ಯಾರಿಂದ ಬರತ್ತೆ ಅಂತ ಕೇಳಿದ್ದು."

"ಸಾಮಾನ್ಯವಾಗಿ ಮನೆಯವರಿಂದ. ಹೆಚ್ಚಾಗಿ ತಾಯಿಯಿಂದ," ಎಂದಳು ಡಾಕ್ಟರ್, ಆದಷ್ಟು ಮೆತ್ತಗೆ. "ಅದರಲ್ಲಿ ತಪ್ಪೇನೂ ಇಲ್ಲ. ಊದಿ ತಿನ್ನಿಸ್ತೀವಿ, ರುಚಿ ನೋಡಿ ತಿನ್ನಿಸ್ತೀವಿ. ಜ್ವರ ಬರದೇ ಇದ್ದವರ ಬಾಯಲ್ಲೂ ಇರತ್ತೆ ಅದು. ಜಗತ್ತಿನ ತಾಯಂದಿರೆಲ್ಲ ಮಾಡೋದೇ ಅದು."

ಅಕ್ಕ ತಲೆಯಾಡಿಸಿದಳು. ಎದ್ದು ಹೊರಗೆ ಬಂದಳು. ಕಾರಿಡಾರಿನ ಗೋಡೆಗೆ ಒರಗಿ ನಿಂತು ನನ್ನನ್ನು ನೋಡಿ ಹೇಳಿದಳು: "ಅವಳು ಚೀಪೋ ರಬ್ಬರ್ ನಿಪ್ಪಲ್ ಕೆಳಗೆ ಬಿದ್ರೆ ನಾನೇ ನೆಕ್ಕಿ ಬಾಯಿಗಿಡ್ತಿದ್ದೆ. ನೀರು ಹುಡುಕೋ ಸೋಮಾರಿತನಕ್ಕೆ. ಸೇಬು ಅಗಿದು ಅಗಿದು ಕೊಡ್ತಿದ್ದೆ."

"ಅಕ್ಕ, ಬಿಡು."

"ಅಪ್ಪ ಕೈ ಮುಂದೆ ಚಾಚಿದ್ದ ಕಣೇ. ನೀನು ನೋಡಿದ್ಯಲ್ಲ. ಒಂದು ಚೂರು ರೊಟ್ಟಿ."

ನಾನು ನೋಡಿದ್ದೆ. ನೋಡಿಲ್ಲ ಎಂದು ಹೇಗೆ ಹೇಳಲಿ? ಅವಳು ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಮಗುವಿನ ಬಾಯಿ ತೊಳೆಸುವ ಹೊತ್ತಾಯಿತೆಂದು ವಾರ್ಡಿಗೆ ಹೋದಳು. ಆ ದಿನವೇ ನಾನು ಅವಳಿಗೆ ಬೋಲೆಕ್‌ನ ಕಥೆ ಹೇಳಿದೆ. ಅಪ್ಪ ಏಕೆ ಎದುರಾಡದೆ ಬಾಗಿಲ ಬಳಿಗೆ ಸ್ಟೂಲು ಸರಿಸಿದ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ಹೇಳಿದ್ದರಿಂದ ಅವಳ ಭಾರ ಇಳಿಯಿತೋ ಹೆಚ್ಚಿತೋ ಇವತ್ತಿಗೂ ತಿಳಿಯದು. "ಹಾಗಾದ್ರೆ ಅವನೂ ನನ್ನ ಥರಾನೇ, ಕೊಟ್ಟಿದ್ದು ತಾನೇ ಅಂದ್ಕೊಂಡಿದ್ದ," ಎಂದಷ್ಟೇ ಹೇಳಿದಳು.

ಮಾಲ್ವಿನಾ ಬದುಕಿದಳು. ಗಂಟು ಬಟಾಣಿಯಷ್ಟಿದ್ದಾಗಲೇ ತಂದಿರಿ, ಅದಕ್ಕೇ ಕಡಿಮೆ ಔಷಧಿಯಲ್ಲಿ ಸಾಧ್ಯವಾಯಿತು ಎಂದು ಡಾಕ್ಟರ್ ಎಷ್ಟೋ ಸಲ ಹೇಳಿದಳು. ಶನಿವಾರದ ಆ ಬೆರಳುಗಳು ಅವಳನ್ನು ಉಳಿಸಿದವು ಎನ್ನುವುದೂ ನಿಜ. ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಾಳೆ, ಬೇರೆ ಯಾರನ್ನೋ ಹೊಗಳಿದಂತೆ.

ಮಾಲ್ವಿನಾಗೆ ಈಗ ಹದಿನಾಲ್ಕು. ಕೂದಲು ಗುಂಗುರಾಗಿ ಬಂದಿದೆ. ಶಾಲೆಗೆ ಹೋಗುತ್ತಾಳೆ, ವಾರಕ್ಕೆ ಮೂರು ದಿನ. ಕಾಯಿಲೆ ಮತ್ತೆ ಬರಬಹುದು, ಇನ್ನೊಂದು ಬರಬಹುದು, ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಸಿಕ್ಕಸಿಕ್ಕವರನ್ನು ಅಪ್ಪಿಕೊಳ್ಳುತ್ತಾಳೆ. ಅಕ್ಕ ಮಾತ್ರ ಅವಳ ಹಣೆಗೆ ಬಾಗುತ್ತಾಳೆ, ಅರ್ಧದಲ್ಲಿ ನಿಲ್ಲುತ್ತಾಳೆ, ಆಮೇಲೆ ನೆನಪಾಗಿ ಮುಗಿಸುತ್ತಾಳೆ. ಆ ಅರ್ಧದಲ್ಲಿ ನಿಲ್ಲುವುದು ಹೋಗಿಲ್ಲ.

ಹೋದ ತಿಂಗಳು ತಪಾಸಣೆಗೆ ಹೋದಾಗ ನಾನೂ ಇದ್ದೆ. ಕಾಯುವ ಜಾಗದಲ್ಲಿ ಸಾನೊಕ್ ಊರಿನ ಕಡೆಯ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕೂತಿದ್ದಳು. ಮುಖಕ್ಕೆ ಬಿಗಿದ ಮಾಸ್ಕು. ಮಗುವಿನ ಹಣೆ ನೋಡಿದ ಕೂಡಲೇ ನಮಗೆ ತಿಳಿಯಿತು. ಇಂಥವರನ್ನು ಕಂಡರೆ ಅಕ್ಕ ಹೋಗಿ ಮಾತಾಡಿಸುತ್ತಾಳೆ, ಡಾಕ್ಟರೇ ಹಾಗೆ ಕೇಳಿಕೊಂಡಿದ್ದಾಳೆ. ಯಾವ ಪರೀಕ್ಷೆ, ಗಂಟು ಹೇಗೆ ಹುಡುಕಬೇಕು, ಯಾವ ಲಸಿಕೆ ಕೂಡದು ಎಲ್ಲ ಹೇಳಿದಳು. ಆಮೇಲೆ, "ಮಾಸ್ಕು ತೆಗೆದು ಮುದ್ದಾಡಿ ಅವಳನ್ನ," ಎಂದಳು. "ಡಾಕ್ಟ್ರನ್ನ ಕೇಳಿ ನೋಡಿ. ನೆಗಡಿ ಕೆಮ್ಮು ಇದ್ದವರನ್ನ ದೂರ ಇಡಿ, ಅಷ್ಟು ಸಾಕು. ಈ ವೈರಸ್‌ನ ಬಾಗಿಲಲ್ಲಿ ತಡೀತೀನಿ ಅಂತ ಹೊರಟು ನಾನು ನಮ್ಮಪ್ಪನ್ನ..."

ಆ ಹೆಂಗಸು ಮಾಲ್ವಿನಾಳನ್ನು ನೋಡುತ್ತಿದ್ದಳು. ಅವಳು ಕಿಟಕಿಯ ಬಳಿ ಯಾರದೋ ಮಗುವಿಗೆ ಅಣಕು ಮುಖ ಮಾಡಿ ತೋರಿಸುತ್ತಿದ್ದಳು. "ಆದ್ರೆ ನಿಮ್ಮ ಮಗಳು ಬದುಕಿದಾಳಲ್ಲ," ಎಂದಳು ಹೆಂಗಸು. "ನೀವು ಅಷ್ಟು ಗಟ್ಟಿಯಾಗಿ ಕಾದಿದ್ದಕ್ಕೇ ತಾನೇ? ನರ್ಸಮ್ಮ ಹೇಳಿದ್ರು ನಿಮ್ಮ ಬಗ್ಗೆ. ನಾನೂ ಹಾಗೇ ಕಾಯ್ತೀನಿ. ಯಾರನ್ನೂ ಬಿಡಲ್ಲ ಹತ್ರ."

"ಅಲ್ಲ ಕಣಮ್ಮ, ಅದಕ್ಕಲ್ಲ..."

ಅಷ್ಟರಲ್ಲಿ ಹೆಸರು ಕರೆದರು. ಹೆಂಗಸು ಮಗುವನ್ನು ಎದೆಗೊತ್ತಿಕೊಂಡು ಡಾಕ್ಟರ್ ಕೋಣೆಯೊಳಗೆ ಹೋದಳು.

ಆಗಲೇ ಅಕ್ಕ ಅವನನ್ನು ಕಂಡದ್ದು. ಕಾರಿಡಾರಿನ ಕೊನೆಯಲ್ಲಿ, ಕುರ್ಚಿಗಳೆಲ್ಲ ಖಾಲಿ ಇದ್ದರೂ, ವಯಸ್ಸಾದ ಗಂಡಸೊಬ್ಬ ನಿಂತೇ ಇದ್ದ. ತೋಳಿನ ಮೇಲೆ ಮಗುವಿನ ಪುಟ್ಟ ಗುಲಾಬಿ ಕೋಟು. ಒಳಗೆ ಹೋದ ಹೆಂಗಸಿನ ಅಪ್ಪನೋ ಮಾವನೋ ಇರಬೇಕು. ಬಾಗಿಲು ತೆರೆದಾಗೊಮ್ಮೆ ಮುಂದಕ್ಕೆ ಬಾಗಿ ನೋಡುತ್ತಿದ್ದ, ಹೆಜ್ಜೆ ಇಡುತ್ತಿರಲಿಲ್ಲ.

"ಬಸ್ಸಿಗೆ ಹೊತ್ತಾಯ್ತು ಅಕ್ಕ," ಎಂದೆ.

"ಹೋಗ್ಲಿ ಬಿಡು ಬಸ್ಸು."

ಅವಳು ಕಾರಿಡಾರಿನ ಉದ್ದಕ್ಕೂ ನಡೆದು ಆತನ ಮುಂದೆ ನಿಂತಳು. ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ. ಆತ ಮೊದಲು ತಲೆ ಅಲ್ಲಾಡಿಸಿದ, ಬೇಡ ಬೇಡ ಎನ್ನುವಂತೆ. ಅಕ್ಕ ಮತ್ತೆ ಏನೋ ಹೇಳಿದಳು. ಆಮೇಲೆ ಆತನ ಮೊಣಕೈ ಹಿಡಿದು, ನಿಧಾನವಾಗಿ ನಡೆಸಿಕೊಂಡು ಬಂದು, ಡಾಕ್ಟರ್ ಲಿಪಿನ್ಸ್ಕಾಳ ಬಾಗಿಲು ತಟ್ಟಿದಳು.